ಕೆರೆ ಮೀನಿನ ಹೊಟ್ಟೆಯಲ್ಲಿ ಲಾಡಿಹುಳು: ನೋಡುವುದು, ಗುರುತಿಸುವುದು, ಲೆಕ್ಕ ಇಡುವುದು ಹೇಗೆ?

ಕೆರೆಯಲ್ಲಿ ಬಲೆ ಎಳೆದ ದಿನ ದಂಡೆಯಲ್ಲೇ ನಿಂತು ಮೀನು ಕೊಳ್ಳುವವರು ಬೆಂಗಳೂರಿನಲ್ಲಿ ಇನ್ನೂ ಇದ್ದಾರೆ. ಹಾಗೆ ತಂದ ಗೆಂಡೆಯ ಹೊಟ್ಟೆ ಸೀಳಿದಾಗ ಉದ್ದನೆಯ ಬಿಳಿ ಪಟ್ಟಿಯೊಂದು ಜಾರಿ ಬಂದು ತಟ್ಟೆಯಲ್ಲಿ ಮಿಸುಕಾಡಿತು ಅಂದ್ರೆ ಮನೆಯಲ್ಲಿ ಗಲಾಟೆ ಶುರು. ಒಬ್ಬರು ಎಸೆಯಿರಿ ಅಂತಾರೆ, ಇನ್ನೊಬ್ಬರು ತೊಳೆದು ಸಾರು ಮಾಡಿ ಅಂತಾರೆ. ಅದೇ ಕೆರೆಯಲ್ಲಿ ನಾಳೆ ನಾಲ್ಕು ಮೀನು ಸತ್ತು ತೇಲಿದರೆ ಅದಕ್ಕೂ ಹುಳುವೇ ಕಾರಣ ಅಂತ ವಾಟ್ಸಾಪ್ ಗುಂಪಿನಲ್ಲಿ ತೀರ್ಪು ಬಂದುಬಿಡುತ್ತದೆ.

ಹುಳು ಸಿಕ್ಕಿತು ಅನ್ನುವುದು ಅರ್ಧ ಸುದ್ದಿ. ಯಾವ ಹುಳು, ಮೈಯಲ್ಲಿ ಎಲ್ಲಿತ್ತು, ಆ ಮೀನು ಏನು ತಿಂದು ಬದುಕುವಂಥದ್ದು, ಅದೇ ಬಲೆಯಲ್ಲಿ ಹುಳು ಇಲ್ಲದ ಮೀನು ಎಷ್ಟಿದ್ದವು ಅನ್ನುವುದು ಇನ್ನರ್ಧ. ಕೆರೆ ಸಮಿತಿಯವರು, ಜೀವಶಾಸ್ತ್ರ ಓದುವ ಹುಡುಗರು, ಮೀನು ಸಾಕುವವರು, ಸುಮ್ನೆ ಕುತೂಹಲ ಇರುವವರು ಯಾರು ಬೇಕಾದರೂ ಈ ಕೆಲಸ ಮಾಡಬಹುದು. ದೊಡ್ಡ ಲ್ಯಾಬ್ ಬೇಕಿಲ್ಲ.

ಮೊದಲು ಹುಳುವಿನ ದಾರಿ ತಿಳಿಯಲಿ

ಕತ್ತರಿ ಹಿಡಿಯುವ ಮುಂಚೆ ಇದೊಂದು ತಲೆಯಲ್ಲಿ ಇರಬೇಕು. ಮೀನಿನ ಲಾಡಿಹುಳು ಒಂದೇ ಪ್ರಾಣಿಯೊಳಗೆ ಹುಟ್ಟಿ ಬೆಳೆದು ಮೊಟ್ಟೆ ಇಡುವುದಿಲ್ಲ. ಅದಕ್ಕೆ ಎರಡು ಅಥವಾ ಮೂರು ಮನೆ ಬೇಕು.

ಹೊಟ್ಟೆಯ ಟೊಳ್ಳಿನಲ್ಲಿ ಸಿಗುವ ದೊಡ್ಡ ಬಿಳಿ ಪಟ್ಟಿ ಸಾಮಾನ್ಯವಾಗಿ ಲಿಗ್ಯುಲಾ ಗುಂಪಿನದು. ಇದರ ಮೊಟ್ಟೆ ಹಕ್ಕಿಯ ಹಿಕ್ಕೆಯ ಜೊತೆ ನೀರಿಗೆ ಬೀಳುತ್ತದೆ. ಮೊಟ್ಟೆಯೊಡೆದು ಈಜುವ ಸಣ್ಣ ಮರಿಯನ್ನು ಸೈಕ್ಲಾಪ್ಸ್ ಥರದ ನೀರಿನ ಹುಳ ನುಂಗುತ್ತದೆ. ಆ ಸೈಕ್ಲಾಪ್ಸನ್ನು ಗೆಂಡೆ ಜಾತಿಯ ಮೀನು ತಿನ್ನುತ್ತದೆ. ಮೀನಿನ ಕರುಳು ಕೊರೆದು ಹೊಟ್ಟೆಯ ಟೊಳ್ಳಿಗೆ ಇಳಿದ ಹುಳು ಅಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಬೆಳೆಯುತ್ತದೆ. ನೀರುಕಾಗೆಯೋ ಗುಳುಮುಳುಕವೋ ಆ ಮೀನನ್ನು ನುಂಗಿದರೆ ಕೆಲವೇ ದಿನದಲ್ಲಿ ಹುಳು ಬಲಿತು, ಮೊಟ್ಟೆ ಇಟ್ಟು, ಸತ್ತೇ ಹೋಗುತ್ತದೆ. ಮೀನಿನೊಳಗೆ ಇರುವುದು ಬಲಿಯದ ಹುಳು ಅನ್ನುವುದನ್ನು ಗಮನಿಸಿ.

ಸೈಕ್ಲಾಪ್ಸ್ ಅಂದರೆ ನಮ್ಮಲ್ಲಿ ಹಿರಿಯರಿಗೆ ನಾರುಹುಣ್ಣು ನೆನಪಾಗುತ್ತದೆ. ಬಾವಿ ನೀರಿನ ಜೊತೆ ಸೈಕ್ಲಾಪ್ಸ್ ಹೊಟ್ಟೆಗೆ ಹೋಗಿಯೇ ಆ ರೋಗ ಬರುತ್ತಿತ್ತು. ನೀರು ಸೋಸಿ ಕುಡಿಯುವುದನ್ನು ಕಲಿಸಿ, ಬಾವಿಗಳನ್ನು ಸರಿಪಡಿಸಿ ಅದನ್ನು ಓಡಿಸಿದರು. 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ನಾವು ಸೋಸಿಕೊಂಡೆವು. ಮೀನಿಗೆ ಆ ಅನುಕೂಲ ಇಲ್ಲ, ಸೈಕ್ಲಾಪ್ಸ್ ಅದರ ಮರಿಗಳಿಗೆ ಊಟ.

ಎರಡನೇ ಬಗೆ ಏಷ್ಯನ್ ಮೀನು ಲಾಡಿಹುಳು. ಈಗಿನ ಹೆಸರು ಸ್ಕೈಜೊಕೊಟೈಲ್ ಅಕೈಲೊಗ್ನಾಥಿ, ಹಳೇ ಪುಸ್ತಕಗಳಲ್ಲಿ ಬೋಥ್ರಿಯೊಸೆಫಾಲಸ್ ಅಂತ ಇರುತ್ತದೆ. 1934ರಲ್ಲಿ ಜಪಾನಿನಲ್ಲಿ ಇದನ್ನು ಮೊದಲು ವಿವರಿಸಿದರು. ಇದಕ್ಕೆ ಹಕ್ಕಿ ಬೇಕಿಲ್ಲ. ಸೈಕ್ಲಾಪ್ಸ್‌ನಿಂದ ಮೀನಿಗೆ ಬಂದು, ಮೀನಿನ ಕರುಳಲ್ಲೇ ಬಲಿತು ಮೊಟ್ಟೆ ಇಡುತ್ತದೆ. ಹುಲ್ಲುಗೆಂಡೆಯನ್ನು ಪೂರ್ವ ಏಷ್ಯಾದಿಂದ ದೇಶದೇಶಕ್ಕೆ ಸಾಗಿಸಿದಾಗ ಅದರ ಕರುಳಲ್ಲೇ ಕೂತು ಲೋಕ ಸುತ್ತಿದ ಹುಳು ಇದು. ಭಾರತಕ್ಕೆ ಹುಲ್ಲುಗೆಂಡೆ ಬಂದದ್ದು 1959ರಲ್ಲಿ. ನೀರು 25 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ಇದು ಬೇಗ ಬೆಳೆಯುತ್ತದೆ. ಬೆಂಗಳೂರಿನ ಕೆರೆ ನೀರು ವರ್ಷದಲ್ಲಿ ಬಹಳ ದಿನ ಅದೇ ಹದದಲ್ಲಿರುತ್ತದೆ ಅಲ್ವಾ?

ಮೂರನೆಯದು ಕ್ಯಾಟ್‌ಫಿಶ್‌ನ ಕರುಳಿನ ಹುಳು. ಲೈಟೊಸೆಸ್ಟಸ್ ಮುಂತಾದ ಈ ಜಾತಿಗಳಿಗೆ ಲಾಡಿಹುಳುವಿಗೆ ಇರಬೇಕಾದ ಕಂಡಿಕೆಗಳೇ ಇಲ್ಲ. ಮೈ ಪೂರ್ತಿ ಒಂದೇ ತುಂಡು. ಇವು ಬರುವುದು ಟ್ಯೂಬಿಫೆಕ್ಸ್ ಥರದ ಕೆಸರುಹುಳಗಳಿಂದ. ಕೊಳಚೆ ನೀರು ಸೇರುವ ಕೆರೆಯ ತಳದಲ್ಲಿ ಟ್ಯೂಬಿಫೆಕ್ಸ್ ಕೆಂಪಗೆ ಹಾಸಿಕೊಂಡು ಬಿದ್ದಿರುತ್ತದೆ. ಅಂಥ ಕೆರೆಯ ಕ್ಯಾಟ್‌ಫಿಶ್‌ನಲ್ಲಿ ಹುಡುಕುವಾಗ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕೊರವ ಮೀನಿನ ಕರುಳಲ್ಲಿ ಸೆಂಗಾ ಅನ್ನುವ ಜಾತಿ, ವಾಳೆ ಮೀನಿನಲ್ಲಿ ಗ್ಯಾಂಜೀಸಿಯಾ ಜಾತಿ ಭಾರತದಲ್ಲಿ ಚೆನ್ನಾಗಿ ಗೊತ್ತಿರುವಂಥವು.

ಅಂದರೆ ಹುಳು ಯಾವುದು ಅಂತ ಗೊತ್ತಾದರೆ ಆ ಮೀನು ಏನು ತಿಂದಿತ್ತು, ಅದನ್ನು ಯಾರು ತಿನ್ನಬೇಕಿತ್ತು ಅನ್ನುವುದೂ ಗೊತ್ತಾಗುತ್ತದೆ. ನನ್ನ ಪ್ರಕಾರ ಈ ಇಡೀ ಕೆಲಸದ ಮಜಾ ಇರುವುದೇ ಅಲ್ಲಿ.

ಹೆಜ್ಜೆ 1: ಮೀನು ಎಲ್ಲಿಂದ ತರುವುದು

ಬೆಂಗಳೂರಿನ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತದೆ. ನೀವೇ ಗಾಳ ಹಿಡಿದು ಕೂತರೆ ಜಗಳ. ಗುತ್ತಿಗೆದಾರರ ಬಲೆ ದಂಡೆಗೆ ಬರುವ ದಿನ ಹೋಗಿ, ದುಡ್ಡು ಕೊಟ್ಟು ತರುವುದೇ ಸರಿಯಾದ ದಾರಿ. ಸಂಸ್ಥೆಯ ಪರವಾಗಿ ಮಾಡುತ್ತಿದ್ದರೆ ಕೆರೆಯ ಉಸ್ತುವಾರಿ ಯಾರದೋ ಅವರಿಂದ, ಮೀನುಗಾರಿಕೆ ಇಲಾಖೆಯಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ.

ಶಿವಾಜಿನಗರದ ರಸೆಲ್ ಮಾರುಕಟ್ಟೆಯಿಂದಲೂ ತರಬಹುದು. ಆದರೆ ಅಲ್ಲಿನ ಕಾಟ್ಲಾ, ರೋಹು ಹೊರ ರಾಜ್ಯದ ಸಾಕಣೆ ಹೊಂಡದಿಂದ ಐಸ್‌ನಲ್ಲಿ ಬಂದಿರಬಹುದು. ಕೈ ಪಳಗಿಸಿಕೊಳ್ಳಲು ಅದು ಸಾಕು, ಕೆರೆಯ ಬಗ್ಗೆ ಮಾತಾಡಲು ಸಾಲದು. ಮಾರುಕಟ್ಟೆಯಲ್ಲಿ ಕ್ಲೀನ್ ಮಾಡಿಸುವುದಾದರೆ ಮೊದಲೇ ಹೇಳಿಬಿಡಿ: "ಅಣ್ಣಾ, ಕರುಳು ಬಕೆಟ್‌ಗೆ ಹಾಕ್ಬೇಡಿ, ಮೀನಿನ ಜೊತೆ ಅದೇ ಕವರ್‌ಗೆ ಹಾಕಿ." ಬೆಕ್ಕಿಗೆ ಅಂದ್ಕೊಂಡು ನಗುತ್ತಾ ಕೊಡುತ್ತಾರೆ. ಒಂದೊಂದು ಮೀನಿಗೂ ಬೇರೆ ಕವರ್ ಇರಲಿ. ಎಲ್ಲಾ ಕರುಳು ಒಂದರಲ್ಲೇ ಕಲಸಿಹೋದರೆ ಲೆಕ್ಕವೂ ಕಲಸಿಹೋಗುತ್ತದೆ.

ಮೀನು ಆದಷ್ಟು ತಾಜಾ ಇರಲಿ. ಮೀನು ಸತ್ತ ಮೇಲೆ ಕರುಳಿನ ಹುಳು ಸಾಯುತ್ತದೆ, ಕೊಳೆಯುತ್ತದೆ, ಗುರುತೇ ಸಿಗದಂತೆ ಆಗುತ್ತದೆ. ಹಿಡಿದ ದಿನವೇ ನೋಡಲು ಆಗದಿದ್ದರೆ ಐಸ್‌ನಲ್ಲಿಟ್ಟು ಮರುದಿನ ಬೆಳಿಗ್ಗೆ ಮುಗಿಸಿ. ಫ್ರೀಜರ್‌ನಲ್ಲಿಟ್ಟರೆ ಹುಳು ಎಣಿಸಬಹುದು, ಆದರೆ ತಲೆಯ ಆಕಾರ ಕೆಡುತ್ತದೆ.

ಇನ್ನೊಂದು ಮಾತು: ಹೊಟ್ಟೆ ಊದಿದ, ಸೊರಗಿದ ಮೀನನ್ನೇ ಆರಿಸಬೇಡಿ. ಕಣ್ಣುಮುಚ್ಚಿ ಬುಟ್ಟಿಗೆ ಕೈ ಹಾಕಿದಂತೆ, ಬಂದದ್ದನ್ನು ತಗೊಳ್ಳಿ. ಊದಿದ ಹೊಟ್ಟೆಯ ಮೀನು ನೋಡಲೇಬೇಕು ಅನ್ನಿಸಿದರೆ ತಗೊಳ್ಳಿ, ಆದರೆ ಅದನ್ನು ಬೇರೆ ಪಟ್ಟಿಯಲ್ಲಿ ಬರೆಯಿರಿ.

ಹೆಜ್ಜೆ 2: ಸಾಮಾನು

ಅಗಲ ತಟ್ಟೆ ಎರಡು, ಒಂದು ಬಿಳಿ, ಒಂದು ಗಾಢ ಬಣ್ಣದ್ದು. ಬಿಳಿ ಹುಳು ಕಾಣುವುದು ಕಪ್ಪು ತಟ್ಟೆಯಲ್ಲೇ. ಒಂದು ತುದಿ ಮೊಂಡಾಗಿರುವ ಕತ್ತರಿ, ಎರಡು ಚಿಮುಟ, ಸ್ಕೇಲು, ಗ್ರಾಂ ತೋರಿಸುವ ಸಣ್ಣ ತೂಕದ ಯಂತ್ರ, 10 ಪಟ್ಟು ದೊಡ್ಡದು ಮಾಡುವ ಲೆನ್ಸ್, ಕೈಗವಸು, ಪೆನ್ಸಿಲ್. ಪೆನ್ನು ಬೇಡ, ಒದ್ದೆ ಕೈಗೆ ಶಾಯಿ ನಿಲ್ಲುವುದಿಲ್ಲ. ಒಂದು ಲೀಟರ್ ನೀರಿಗೆ 9 ಗ್ರಾಂ ಅಡುಗೆ ಉಪ್ಪು ಹಾಕಿ ಕರಗಿಸಿಟ್ಟುಕೊಳ್ಳಿ. ಬರೀ ನಲ್ಲಿ ನೀರಿಗೆ ಹಾಕಿದರೆ ಹುಳು ನೀರು ಹೀರಿ ಉಬ್ಬುತ್ತದೆ. ಈ ಉಪ್ಪುನೀರಿನಲ್ಲಿ ಅದು ಆರಾಮಾಗಿ ಚಾಚಿಕೊಂಡು ಬಿದ್ದಿರುತ್ತದೆ. ಅಡುಗೆಮನೆ ಚಾಕು, ಹಲಗೆ ಮಾತ್ರ ಇದಕ್ಕೆ ಬಳಸಬೇಡಿ.

ಹೆಜ್ಜೆ 3: ಹೊರಗಿನಿಂದ ನೋಡಿ, ಅಳೆಯಿರಿ

ಜಾತಿ, ಉದ್ದ, ತೂಕ ಬರೆದುಕೊಳ್ಳಿ. ಉದ್ದವನ್ನು ಮೂತಿಯಿಂದ ಬಾಲದ ತುದಿಯವರೆಗೆ ಅಳೆದರೆ ಎಲ್ಲಾ ಮೀನಿಗೂ ಹಾಗೇ ಅಳೆಯಿರಿ. ಹೊಟ್ಟೆ ಮುಟ್ಟಿ ನೋಡಿ. ಮೊಟ್ಟೆ ತುಂಬಿದ ಮೀನಿನ ಹೊಟ್ಟೆ ಎರಡೂ ಕಡೆ ಸಮನಾಗಿ, ಮೆತ್ತಗೆ ಉಬ್ಬಿರುತ್ತದೆ. ಲಿಗ್ಯುಲಾ ಇದ್ದರೆ ಉಬ್ಬು ಗಟ್ಟಿ, ಅಂಕುಡೊಂಕು, ಕೆಲವೊಮ್ಮೆ ಒಂದೇ ಪಕ್ಕಕ್ಕೆ. ಮೊಟ್ಟೆ ಇಡುವ ಕಾಲ ಅಲ್ಲದೆ ಹೊಟ್ಟೆ ಉಬ್ಬಿದ್ದರೆ ಅನುಮಾನ ಜಾಸ್ತಿ ಮಾಡಿ. ಮೈಮೇಲೆ ದಾರದಂತೆ ನೇತಾಡುವುದು, ಬುಡದಲ್ಲಿ ಕೆಂಪು ಗಾಯ ಮಾಡಿರುವುದು ಲೆರ್ನಿಯಾ. ಅದು ಲಾಡಿಹುಳು ಅಲ್ಲ, ಸೈಕ್ಲಾಪ್ಸ್‌ನ ನೆಂಟ.

ಹೆಜ್ಜೆ 4: ಹೊಟ್ಟೆ ತೆರೆಯುವುದು

ಕೆಲಸದ ಜೀವ ಇರುವುದು ಇಲ್ಲಿ, ಆತುರ ಬೇಡ. ಮೀನನ್ನು ಬಲಕ್ಕೆ ಒರಗಿಸಿ ಮಲಗಿಸಿ. ಗುದದ್ವಾರದ ಹತ್ತಿರ ಕತ್ತರಿಯ ಮೊಂಡು ತುದಿ ತೂರಿಸಿ, ತುದಿಯನ್ನು ಚರ್ಮದ ಕಡೆಗೇ ಎತ್ತಿ ಹಿಡಿದು, ಕಿವಿರಿನ ಕೆಳಗಿನವರೆಗೂ ಕತ್ತರಿಸುತ್ತಾ ಹೋಗಿ. ತುದಿ ಕೆಳಗೆ ಇಳಿದರೆ ಕರುಳು ಕೊಯ್ದುಹೋಗುತ್ತದೆ. ಕರುಳಿನೊಳಗಿನ ಹುಳು ಹೊರಗೆ ಬಂದು ಹೊಟ್ಟೆಯ ಟೊಳ್ಳಿನಲ್ಲಿ ಇದ್ದಂತೆ ಕಾಣುತ್ತದೆ. ಅಲ್ಲಿಗೆ ಗುರುತಿಸುವ ಮುಖ್ಯ ಸುಳಿವೇ ಹೋಯಿತು. ಆಮೇಲೆ ಪಕ್ಕದ ಗೋಡೆಯನ್ನು ಬಾಗಿಲಿನಂತೆ ಮೇಲಕ್ಕೆ ಕತ್ತರಿಸಿ ತೆಗೆಯಿರಿ.

ತೆರೆದ ಕೂಡಲೇ ಏನನ್ನೂ ಮುಟ್ಟಬೇಡಿ. ಮೊದಲು ಒಂದು ಫೋಟೊ. ಲಿಗ್ಯುಲಾ ಇದ್ದರೆ ಹುಡುಕಬೇಕಿಲ್ಲ. ಲಿವರ್, ಕರುಳು, ಗಾಳಿಚೀಲ ಎಲ್ಲವನ್ನೂ ಒತ್ತರಿಸಿಕೊಂಡು ಒದ್ದೆ ಲಾಡಿಯ ಉಂಡೆಯಂತೆ ಬಿಳಿ ಹುಳು ತುಂಬಿಕೊಂಡಿರುತ್ತದೆ. ಚಿಮುಟದಲ್ಲಿ ಮೆಲ್ಲಗೆ ಎತ್ತಿ ಉಪ್ಪುನೀರಿಗೆ ಬಿಡಿ. ಮೀನು ತಾಜಾ ಇದ್ದರೆ ಹುಳುವಿನ ಮೈಮೇಲೆ ಒಂದು ಅಲೆ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹರಿಯುವುದು ಕಾಣುತ್ತದೆ. ಒಂದು ಕಡೆ ಸಣ್ಣಗಾಗುತ್ತಾ, ಇನ್ನೊಂದು ಕಡೆ ಅಗಲವಾಗುತ್ತಾ ಇರುತ್ತದೆ. ಬಾಯಿ ಹುಡುಕಿದರೆ ಸಿಗುವುದಿಲ್ಲ. ಲಾಡಿಹುಳುವಿಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ, ಮೈಚರ್ಮದಿಂದಲೇ ಊಟ ಹೀರುತ್ತದೆ.

ಹೆಜ್ಜೆ 5: ಕರುಳು ಬಿಡಿಸುವುದು

ಬಹಳ ಜನ ಹೊಟ್ಟೆಯ ಟೊಳ್ಳು ನೋಡಿ ಮುಗಿಸಿಬಿಡುತ್ತಾರೆ. ಏಷ್ಯನ್ ಲಾಡಿಹುಳು ಇರುವುದು ಕರುಳಿನ ಒಳಗೆ. ಗಂಟಲ ಬಳಿ ಮತ್ತು ಗುದದ ಬಳಿ ಕತ್ತರಿಸಿ ಕರುಳನ್ನು ಪೂರ್ತಿ ಎತ್ತಿ ಉಪ್ಪುನೀರಿನ ತಟ್ಟೆಯಲ್ಲಿಡಿ. ಪಿತ್ತದ ಚೀಲ ಒಡೆಯದಂತೆ ಎಚ್ಚರ. ಸುರುಳಿಯನ್ನು ಬೆರಳಲ್ಲಿ ಬಿಡಿಸಿ ನೇರ ಮಾಡಿ. ಗೆಂಡೆ ಜಾತಿಗೆ ಜಠರ ಇಲ್ಲ, ಗಂಟಲಿಂದ ನೇರ ಕರುಳೇ. ಮುಂದಿನ ಮೂರನೇ ಒಂದು ಭಾಗವನ್ನು ವಿಶೇಷವಾಗಿ ನೋಡಿ. ಹುಳುಗಳು ಗುಂಪುಗೂಡಿ ಅಲ್ಲಿ ಕಚ್ಚಿಕೊಳ್ಳುವುದು ಜಾಸ್ತಿ. ಹೊರಗಿನಿಂದಲೇ ಆ ಜಾಗ ಉಬ್ಬಿ, ಗೋಡೆ ತೆಳುವಾಗಿ, ಒಳಗೆ ಬಿಳಿ ಕಾಣುವುದೂ ಉಂಟು.

ಕತ್ತರಿಯಿಂದ ಉದ್ದಕ್ಕೆ ಸೀಳಿ, ತೆರೆದ ಕರುಳನ್ನು ನೀರಿನಲ್ಲಿ ಅಲ್ಲಾಡಿಸಿ. ತಿಂದ ಆಹಾರ ಬೇರೆಯಾಗಿ ಹೋಗುತ್ತದೆ, ಹುಳು ಗೋಡೆಗೆ ಅಂಟಿಕೊಂಡೇ ಇರುತ್ತದೆ. ಎಳೆಯಬೇಡಿ. ಎಳೆದರೆ ಮೈ ಕೈಗೆ ಬರುತ್ತದೆ, ತಲೆ ಗೋಡೆಯಲ್ಲೇ ಉಳಿಯುತ್ತದೆ. ತಲೆ ಇಲ್ಲದ ಲಾಡಿಹುಳುವಿನ ಜಾತಿ ಹೇಳುವುದು ಕಷ್ಟ. ಅಂಟಿರುವ ಜಾಗದ ಕರುಳಿನ ಚೂರನ್ನೂ ಸೇರಿಸಿ ಕತ್ತರಿಸಿಟ್ಟರೆ ಸ್ವಲ್ಪ ಹೊತ್ತಿಗೆ ಹುಳುವೇ ಬಿಟ್ಟುಕೊಡುತ್ತದೆ.

ಈಗ ಲೆನ್ಸ್ ಹಿಡಿಯಿರಿ. ಏಷ್ಯನ್ ಲಾಡಿಹುಳುವಿನ ತಲೆ ಹೃದಯದ ಆಕಾರದ್ದು, ಎರಡು ಪಕ್ಕದಲ್ಲಿ ಆಳವಾದ ಸೀಳು. ಆ ಸೀಳಿನಿಂದಲೇ ಅದು ಕರುಳಿನ ಗೋಡೆ ಹಿಡಿಯುತ್ತದೆ, ಕೊಕ್ಕೆಗಳಿಲ್ಲ. ಸೆಂಗಾದ ತಲೆಯಲ್ಲಿ ಕೊಕ್ಕೆಗಳ ಕಿರೀಟ ಇರುತ್ತದೆ, ಅದನ್ನು ನೋಡಲು ಸೂಕ್ಷ್ಮದರ್ಶಕ ಬೇಕು. ಕ್ಯಾಟ್‌ಫಿಶ್‌ನಲ್ಲಿ ಕಂಡಿಕೆ ಇಲ್ಲದ, ಒಂದೇ ತುಂಡಿನ ಬಿಳಿ ಹುಳು ಸಿಕ್ಕರೆ ಲೈಟೊಸೆಸ್ಟಸ್ ಬಳಗ ಅಂತ ಬರೆದುಕೊಳ್ಳಬಹುದು. ಪಕ್ಕಾ ಜಾತಿಯ ಹೆಸರು ತಜ್ಞರು ಹೇಳಲಿ.

ಲಾಡಿಹುಳು ಅಂತ ಕಾಣುವ, ಆದರೆ ಅಲ್ಲದವು

ಕೊರವ ಮೀನಿನ ಹೊಟ್ಟೆಯಲ್ಲಿ ಸುರುಳಿ ಸುತ್ತಿದ ಕೆಂಪು ಹುಳು ಸಿಕ್ಕರೆ ಅದು ಯೂಸ್ಟ್ರಾಂಜಿಲೈಡಿಸ್, ದುಂಡುಹುಳು. ಗುದದಿಂದ ಕೆಂಪು ದಾರದಂತೆ ಇಣುಕುವುದು ಕಮಲ್ಲಾನಸ್. ಮಾಂಸದಲ್ಲಿ, ಕಿವಿರಿನಲ್ಲಿ ಸಾಸಿವೆಗಿಂತ ದಪ್ಪದ ಹಳದಿ ಗಂಟು ಕ್ಲೈನೊಸ್ಟೊಮಮ್ ಅನ್ನುವ ಚಪ್ಪಟೆ ಹುಳುವಿನ ಮರಿ. ಗಾಳಿಚೀಲದಲ್ಲಿ ಕಡುಬಣ್ಣದ, ಜಿಗಣೆಯಂಥದ್ದು ಸಿಕ್ಕರೆ ಐಸೊಪರಾರ್ಕಿಸ್, ಅದೂ ಚಪ್ಪಟೆ ಹುಳು. ಇನ್ನು ಕೊಬ್ಬಿನ ಪಟ್ಟಿಯನ್ನೂ ಗಂಡು ಮೀನಿನ ಹಾಲನ್ನೂ (ವೀರ್ಯ ತುಂಬಿದ ಬಿಳಿ ಗಂಟು) ಹುಳು ಅಂದುಕೊಂಡು ಬೆಚ್ಚಿಬೀಳುವವರೇ ಎಲ್ಲರಿಗಿಂತ ಜಾಸ್ತಿ. ಕೊಬ್ಬು ಬೆರಳಲ್ಲಿ ಉಜ್ಜಿದರೆ ಜಿಡ್ಡಾಗುತ್ತದೆ. ಹಾಲಿನ ಗಂಟು ಜೋಡಿಯಾಗಿ ಬೆನ್ನಿನ ಕಡೆಗೆ ಅಂಟಿರುತ್ತದೆ. ಹೊಟ್ಟೆಯ ಟೊಳ್ಳಿನ ಹುಳು ಯಾವುದಕ್ಕೂ ಅಂಟದೆ ಸಲೀಸಾಗಿ ಎದ್ದು ಬರುತ್ತದೆ.

ಹುಳು ಮೀನಿಗೆ ಏನು ಮಾಡುತ್ತದೆ?

ಲಿಗ್ಯುಲಾ ಸಿಕ್ಕ ಮೀನಿನಲ್ಲಿ ತಪ್ಪದೆ ಮೊಟ್ಟೆಯ ಗೂಡನ್ನು ನೋಡಿ. ಅದೇ ದಿನ ಅದೇ ಬಲೆಯಲ್ಲಿ ಬಂದ, ಅಷ್ಟೇ ಉದ್ದದ ಹುಳುವಿಲ್ಲದ ಮೀನಿನದನ್ನು ಪಕ್ಕಕ್ಕಿಟ್ಟು ಹೋಲಿಸಿ. ಒಂದರಲ್ಲಿ ತುಂಬಿದ ಮೊಟ್ಟೆ, ಇನ್ನೊಂದರಲ್ಲಿ ದಾರದಂಥ ತೆಳು ಎಳೆ ಇರಬಹುದು. ಜಾಗ ಸಾಲದೆ ಹೀಗಾಗಿದೆ ಅಂತ ಅನ್ನಿಸುವುದು ಸಹಜ. ಆದರೆ ಸಣ್ಣ ಹುಳು ಇದ್ದಾಗಲೂ ಹೀಗಾಗುವುದುಂಟು. ಮೀನಿನ ಮಿದುಳಿನಿಂದ ಸಂತಾನದ ಗ್ರಂಥಿಗಳಿಗೆ ಹೋಗುವ ಹಾರ್ಮೋನಿನ ಆಜ್ಞೆಯನ್ನೇ ಹುಳು ತಗ್ಗಿಸುತ್ತದೆ. ಮೀನು ಸಾಯುವುದಿಲ್ಲ, ಈಜುತ್ತದೆ, ತಿನ್ನುತ್ತದೆ, ಸಂತಾನ ಮಾತ್ರ ಇಲ್ಲ. ಮೊಟ್ಟೆಗೆ ಹೋಗಬೇಕಿದ್ದ ಶಕ್ತಿ ಹುಳುವಿಗೆ ಹೋಗುತ್ತದೆ. ಕೆರೆಯಲ್ಲಿ ಇಂಥ ಮೀನು ಬಹಳ ಇದ್ದರೆ ಸತ್ತ ಮೀನು ಒಂದೂ ತೇಲದೆ ಮುಂದಿನ ಪೀಳಿಗೆ ಕಮ್ಮಿಯಾಗುತ್ತದೆ. ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ ಲಕ್ಷಾಂತರ ಜನರ ಊಟವಾದ ಒಮೆನಾ ಅನ್ನುವ ಪುಟ್ಟ ಮೀನಿನಲ್ಲೂ ಇದೇ ಲಿಗ್ಯುಲಾ ಇದೆ.

ನಡತೆಯೂ ಬದಲಾಗುತ್ತದೆ. ಹುಳು ಹೊತ್ತ ಮೀನು ಗುಂಪು ಬಿಟ್ಟು ನೀರಿನ ಮೇಲ್ಪದರದಲ್ಲಿ, ದಂಡೆಯ ಕಡೆ ಓಡಾಡುವುದು ಜಾಸ್ತಿ. ಯುರೋಪಿನ ಸ್ಟಿಕಲ್‌ಬ್ಯಾಕ್ ಮೀನಿನಲ್ಲಿ ಲಿಗ್ಯುಲಾದ ಹತ್ತಿರದ ಬಂಧು ಸ್ಕಿಸ್ಟೊಸೆಫಾಲಸ್ ಇರುತ್ತದೆ. ಹುಳುವಿನ ತೂಕ ಕೆಲವೊಮ್ಮೆ ಮೀನಿನ ಸ್ವಂತ ತೂಕದ ಹತ್ತಿರಕ್ಕೆ ಬರುತ್ತದೆ. ಹಕ್ಕಿಯಂತೆ ಏನೋ ಮೇಲಿಂದ ಎರಗಿದಾಗ ಆರೋಗ್ಯವಂತ ಮೀನು ಹೊತ್ತುಗಟ್ಟಲೆ ಅಡಗಿ ಕೂರುತ್ತದೆ. ಹುಳುವಿರುವ ಮೀನು ಹಸಿವು ತಡೆಯದೆ ಬೇಗ ಮತ್ತೆ ಮೇವಿಗೆ ಬಂದುಬಿಡುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಇದರಿಂದ ಲಾಭ ಯಾರಿಗೆ? ಹುಳು ಹೋಗಬೇಕಾದ್ದು ಹಕ್ಕಿಯ ಹೊಟ್ಟೆಗೇ ತಾನೆ.

ಏಷ್ಯನ್ ಲಾಡಿಹುಳುವಿನ ಕಥೆ ಬೇರೆ. ದೊಡ್ಡ ಮೀನು ಹೇಗೋ ತಾಳಿಕೊಳ್ಳುತ್ತದೆ. ಬೆರಳುದ್ದದ ಮರಿಗಳಲ್ಲಿ ಹುಳುಗಳ ಗಂಟೇ ಕರುಳನ್ನು ಕಟ್ಟಿಬಿಡುತ್ತದೆ. ರಕ್ತ ಕಮ್ಮಿಯಾಗಿ ಕಿವಿರು ಬಿಳಿಚಿಕೊಳ್ಳುತ್ತದೆ, ಬೆನ್ನು ಚೂಪಾಗುತ್ತದೆ, ತಲೆ ಮೈಗಿಂತ ದೊಡ್ಡದಾಗಿ ಕಾಣುತ್ತದೆ. ಗೆಂಡೆ ಮರಿಗಳನ್ನು ಒತ್ತೊತ್ತಾಗಿ ಸಾಕುವ ಹೊಂಡಗಳಲ್ಲಿ ಸಾವೂ ಜಾಸ್ತಿ. ಇದು ಒಂದೇ ಜಾತಿಗೆ ಅಂಟಿಕೊಳ್ಳುವ ಹುಳುವೂ ಅಲ್ಲ. 200ಕ್ಕೂ ಹೆಚ್ಚು ಜಾತಿಯ ಮೀನುಗಳಲ್ಲಿ ಸಿಕ್ಕಿದೆ, ಸೊಳ್ಳೆ ತಿನ್ನಲೆಂದು ಬಿಡುವ ಗಂಬೂಸಿಯಾದಲ್ಲಿಯೂ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ನ ಅಪರೂಪದ ಹಂಪ್‌ಬ್ಯಾಕ್ ಚಬ್ ಮೀನಿಗೂ ಇದು ಅಂಟಿಕೊಂಡಿದೆ.

ಹೆಜ್ಜೆ 6: ಲೆಕ್ಕ

ಪುಸ್ತಕದಲ್ಲಿ ಪ್ರತಿ ಮೀನಿಗೆ ಒಂದು ಸಾಲು: ದಿನಾಂಕ, ಕೆರೆ, ಜಾತಿ, ಉದ್ದ, ತೂಕ, ಗಂಡೋ ಹೆಣ್ಣೋ, ಹುಳು ಎಲ್ಲಿತ್ತು, ಎಷ್ಟು, ಎಷ್ಟು ತೂಕ. ಹುಳು ಇಲ್ಲದ ಮೀನಿಗೂ ಒಂದು ಸಾಲು, ಅಲ್ಲಿ ಸೊನ್ನೆ ಬರೆಯಿರಿ. ಖಾಲಿ ಬಿಡಬೇಡಿ. ಖಾಲಿ ಜಾಗ ಅಂದರೆ ನೋಡಲೇ ಇಲ್ಲ ಅಂತ ಅರ್ಥ.

30 ಮೀನು ನೋಡಿದಿರಿ, 6ರಲ್ಲಿ ಹುಳು ಸಿಕ್ಕಿತು, ಒಟ್ಟು 18 ಹುಳು ಅಂದುಕೊಳ್ಳಿ. ಸೋಂಕಿನ ಪ್ರಮಾಣ ಶೇಕಡ 20. ಹುಳುವಿದ್ದ ಮೀನಿಗೆ ಸರಾಸರಿ 3 ಹುಳು. ಎಲ್ಲಾ ಮೀನಿಗೂ ಹಂಚಿದರೆ 0.6. ಮೂರೂ ಬೇರೆ ಬೇರೆ ಅಂಕಿ, ಯಾವುದನ್ನು ಹೇಳುತ್ತಿದ್ದೀರಿ ಅಂತ ಸ್ಪಷ್ಟವಾಗಿ ಬರೆಯಿರಿ. ಸಾಮಾನ್ಯವಾಗಿ ಬಹುಪಾಲು ಹುಳುಗಳು ಕೆಲವೇ ಮೀನುಗಳಲ್ಲಿ ತುಂಬಿರುತ್ತವೆ, ಹಾಗಾಗಿ ಬರೀ ಸರಾಸರಿ ನೋಡಿದರೆ ಮೋಸ. 30ರಲ್ಲಿ ಒಂದರಲ್ಲೂ ಸಿಗಲಿಲ್ಲ ಅಂದರೂ ಕೆರೆಯಲ್ಲಿ ಹುಳುವೇ ಇಲ್ಲ ಅನ್ನಬೇಡಿ. ನೂರಕ್ಕೆ 10ರವರೆಗೆ ಮೀನುಗಳಲ್ಲಿ ಇದ್ದು ನಿಮ್ಮ ಕೈಗೆ ಸಿಗದೆ ಹೋಗಿರಬಹುದು.

ಮೀನು ಪುಷ್ಟಿಯಾಗಿದೆಯಾ ಅಂತ ನೋಡಲು ಒಂದು ಸರಳ ಸೂತ್ರ ಇದೆ. ತೂಕವನ್ನು ಗ್ರಾಂನಲ್ಲಿ, ಉದ್ದವನ್ನು ಸೆಂಟಿಮೀಟರ್‌ನಲ್ಲಿ ತಗೊಂಡು, ತೂಕವನ್ನು 100ರಿಂದ ಗುಣಿಸಿ, ಉದ್ದದ ಘನದಿಂದ ಭಾಗಿಸಿ. 20 ಸೆಂಟಿಮೀಟರ್ ಉದ್ದದ, 100 ಗ್ರಾಂ ತೂಕದ ಮೀನಿಗೆ 1.25 ಬರುತ್ತದೆ. ಆದರೆ ಹೊಟ್ಟೆಯಲ್ಲಿ 12 ಗ್ರಾಂ ಹುಳು ಇತ್ತು ಅಂದುಕೊಳ್ಳಿ. ಅದನ್ನು ಕಳೆದರೆ ಮೀನಿನ ನಿಜವಾದ ತೂಕ 88 ಗ್ರಾಂ, ಅಂಕಿ 1.10ಕ್ಕೆ ಇಳಿಯಿತು. ಹುಳುವಿನ ತೂಕ ಕಳೆಯದಿದ್ದರೆ ಸೊರಗಿದ ಮೀನೂ ದುಂಡಗೆ ಕಾಣುತ್ತದೆ. ಒಂದು ಜಾತಿಯನ್ನು ಅದೇ ಜಾತಿಯ ಜೊತೆಗೇ ಹೋಲಿಸಿ. ಕಾಟ್ಲಾವನ್ನು ಕೊರವದ ಜೊತೆ ಹೋಲಿಸಿ ಪ್ರಯೋಜನ ಇಲ್ಲ.

ಹೆಜ್ಜೆ 7: ಹುಳುವನ್ನು ಇಟ್ಟುಕೊಳ್ಳುವುದು, ತೋರಿಸುವುದು

ಜೀವಂತ ಹುಳುವನ್ನು ನೇರ ತಣ್ಣನೆ ಸ್ಪಿರಿಟ್‌ಗೆ ಹಾಕಿದರೆ ಮುದುರಿಕೊಂಡು ಗುರುತೇ ಸಿಗುವುದಿಲ್ಲ. ಉಪ್ಪುನೀರಿನಲ್ಲಿ ಚಾಚಿಕೊಂಡ ಮೇಲೆ ಕುದಿಯುವಷ್ಟು ಬಿಸಿಯಾದ ನೀರು ಸುರಿಯಿರಿ. ನೇರವಾಗಿ ಸಾಯುತ್ತದೆ. ಆಮೇಲೆ 70 ಶೇಕಡ ಆಲ್ಕೋಹಾಲ್‌ನಲ್ಲಿಡಿ. ಡಿಎನ್ಎ ಪರೀಕ್ಷೆಗೆ ಕೊಡುವುದಿದ್ದರೆ ಬಿಸಿ ಮಾಡುವ ಮುಂಚೆಯೇ ಬಾಲದ ಕಡೆಯ ಚೂರೊಂದನ್ನು ಕತ್ತರಿಸಿ 95 ಶೇಕಡದ ಆಲ್ಕೋಹಾಲ್‌ನಲ್ಲಿ ಬೇರೆ ಇಡಿ. ಫಾರ್ಮಾಲಿನ್ ಮನೆಯಲ್ಲಿ ಬೇಡ, ಅದರ ಹೊಗೆ ಒಳ್ಳೆಯದಲ್ಲ. ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನು ಬಾಟಲಿಯ ಒಳಗೇ ಹಾಕಿ.

ತೋರಿಸಲು ದೂರ ಹೋಗಬೇಕಿಲ್ಲ. ಹೆಸರಘಟ್ಟದಲ್ಲಿ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ, ರಾಜ್ಯದ ಪಶುವೈದ್ಯಕೀಯ ಮತ್ತು ಮೀನುಗಾರಿಕೆ ವಿಶ್ವವಿದ್ಯಾಲಯದ ಮೀನುಗಾರಿಕೆ ಕೇಂದ್ರವೂ ಇದೆ. ಹೋಗುವಾಗ ಬರೀ ಹುಳು ತಗೊಂಡು ಹೋಗಬೇಡಿ, ನಿಮ್ಮ ಲೆಕ್ಕದ ಪುಸ್ತಕವೂ ಜೊತೆಗಿರಲಿ. ಮೊದಲು ಕೇಳುವುದು ಅದನ್ನೇ.

ಕರುಳು, ಹುಳು, ತೊಳೆದ ನೀರು ಯಾವುದನ್ನೂ ಕೆರೆಗೆ ವಾಪಸ್ ಸುರಿಯಬೇಡಿ. ಹದ್ದಿಗೆ, ನಾಯಿಗೆ ಎಸೆಯಲೂ ಬೇಡಿ. ಚೆನ್ನಾಗಿ ಕುದಿಸಿ, ಆಳವಾಗಿ ಹೂತುಬಿಡಿ.

ಮೀನು ಸತ್ತು ತೇಲಿದಾಗ

2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಒಟ್ಟಿಗೆ ಸತ್ತು ತೇಲಿದ್ದು ನೆನಪಿರಬಹುದು. ಅಂಥ ಸಾವಿಗೆ ಲಾಡಿಹುಳು ಕಾರಣ ಆಗುವುದಿಲ್ಲ. ರಾತ್ರೋರಾತ್ರಿ ಎಲ್ಲಾ ಜಾತಿಯ ಮೀನು ಒಟ್ಟಿಗೆ ಸತ್ತರೆ, ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ, ದೊಡ್ಡವೇ ಮೊದಲು ಸತ್ತರೆ ನೀರಿನ ಆಮ್ಲಜನಕ ಅಳೆಸಿ, ಕೊಳಚೆ ಎಲ್ಲಿಂದ ಬಂತು ಅಂತ ಹುಡುಕಿ. ಹುಳುವಿನ ಹಾನಿ ವಾರಗಟ್ಟಲೆ ಹರಡಿಕೊಂಡಿರುತ್ತದೆ. ಒಂದೆರಡು ಜಾತಿಯಲ್ಲಿ, ಅದರಲ್ಲೂ ಮರಿಗಳಲ್ಲಿ, ಅಲ್ಲೊಂದು ಇಲ್ಲೊಂದು ಕಾಣುತ್ತದೆ. ಕೊಳಚೆಯ ಹೊಣೆ ಇರುವವರಿಗೆ ಹುಳುವಿನ ಕಥೆ ತುಂಬಾ ಅನುಕೂಲದ ಕಥೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಂತ ಹುಳು ಇಲ್ಲದ ಕೆರೆ ಚೊಕ್ಕ ಕೆರೆ ಅಂತಲೂ ಅಲ್ಲ. ನೀರು ಪೂರ್ತಿ ಕೆಟ್ಟರೆ ಸೈಕ್ಲಾಪ್ಸೇ ಉಳಿಯದೆ ಹುಳುವಿನ ದಾರಿ ಕಡಿದುಹೋಗಬಹುದು. ಇನ್ನೊಂದು ಸ್ವಾರಸ್ಯ ಇದೆ. ಸೀಸದಂಥ ಭಾರ ಲೋಹಗಳು ಮೀನಿನ ಮಾಂಸಕ್ಕಿಂತ ಅದರೊಳಗಿನ ಹುಳುವಿನ ಮೈಯಲ್ಲಿ ಜಾಸ್ತಿ ಸೇರಿರುವುದು ಹಲವು ದೇಶಗಳಲ್ಲಿ ಕಂಡಿದೆ. ಕೈಗಾರಿಕೆಯ ನೀರು ಸೇರುವ ಕೆರೆಯಲ್ಲಿ ಹುಳುವನ್ನೂ ಪರೀಕ್ಷೆಗೆ ಕಳಿಸುವುದು ಒಳ್ಳೆಯ ಯೋಚನೆ.

ತಿನ್ನಬಹುದಾ?

ಲಿಗ್ಯುಲಾ ಬಲಿಯುವುದು ಹಕ್ಕಿಯಲ್ಲಿ, ಏಷ್ಯನ್ ಲಾಡಿಹುಳು ಮೀನಿನಲ್ಲಿ. ಇವೆರಡರ ದಾರಿಯಲ್ಲೂ ಮನುಷ್ಯರಿಲ್ಲ. ಮೀನಿನಿಂದ ಮನುಷ್ಯರಿಗೆ ಬರುವ ಹೆಸರಾಂತ ಲಾಡಿಹುಳು ಡೈಫಿಲೊಬೋಥ್ರಿಯಂ. ಅದು ಹೆಚ್ಚಾಗಿ ಚಳಿ ದೇಶಗಳ ಸರೋವರದ್ದು, ಭಾರತದಲ್ಲಿ ಬಹಳ ಅಪರೂಪ. ಮಿದುಳಿಗೆ ಹೋಗಿ ಫಿಟ್ಸ್ ತರುವ ಲಾಡಿಹುಳು ಹಂದಿಯದು, ಅದಕ್ಕೂ ಮೀನಿಗೂ ಸಂಬಂಧ ಇಲ್ಲ.

ಹೊಟ್ಟೆಯ ಭಾಗವೆಲ್ಲಾ ತೆಗೆದು, ತೊಳೆದು, ಸಾರು ಕುದಿಸಿದರೆ ಹುಳು ಉಳಿಯುವುದಿಲ್ಲ. ದಪ್ಪ ತುಂಡಿನ ನಡುಭಾಗ 63 ಡಿಗ್ರಿ ಮುಟ್ಟಬೇಕು. ತವಾ ಫ್ರೈ ಮಾಡುವಾಗ ಹೊರಗೆ ಕೆಂಪಾಗಿ ಮೂಳೆಯ ಹತ್ತಿರ ಹಸಿ ಉಳಿಯದಂತೆ ನೋಡಿ. ನಿಂಬೆಹಣ್ಣು, ಹುಣಸೆಹುಳಿ, ಉಪ್ಪು-ಖಾರ ಸವರಿಟ್ಟ ಮಾತ್ರಕ್ಕೆ ಹುಳು ಸಾಯುತ್ತದೆ ಅಂತ ನಂಬಬೇಡಿ. ಕೆರೆ ಮೀನನ್ನು ಹಸಿಯಾಗಿ ತಿನ್ನುವ ಯೋಚನೆಯೇ ಬೇಡ. ಮೀನು ಸೊರಗಿದ್ದರೆ, ವಾಸನೆ ಬಂದರೆ, ಮಾಂಸದಲ್ಲಿ ಗಂಟುಗಳಿದ್ದರೆ ಎಸೆಯಿರಿ. ಹಾಗೇ ಕುದಿಸಿದರೆ ಹುಳು ಸಾಯುತ್ತದೆ, ಲೋಹ ಹೋಗುವುದಿಲ್ಲ. ಕೊಳಚೆ ಕೆರೆಯ ಮೀನಿನಲ್ಲಿ ನನಗೆ ಹೆದರಿಕೆ ಹುಳುವಿನದ್ದಲ್ಲ.

ಕೆರೆಗೆ ಏನು ಮಾಡಬಹುದು

ಔಷಧಿ ಇದೆ, ಪ್ರಾಜಿಕ್ವಾಂಟೆಲ್. ಅಕ್ವೇರಿಯಂನಲ್ಲಿ, ಮರಿ ಸಾಕುವ ತೊಟ್ಟಿಯಲ್ಲಿ ತಜ್ಞರ ಮಾತಿನಂತೆ ಬಳಸಬಹುದು. ಕೆರೆಗೆ ಸುರಿಯುವಂಥದ್ದಲ್ಲ. ನಿಕ್ಲೊಸಮೈಡ್ ಅಂತೂ ನೀರಿಗೆ ಬಿದ್ದರೆ ಮೀನನ್ನೇ ಕೊಲ್ಲುತ್ತದೆ. ನೀರುಕಾಗೆ ಓಡಿಸಲು ಪಟಾಕಿ ಹೊಡೆಯುವವರೂ ಇದ್ದಾರೆ. ಹಕ್ಕಿ ಪಕ್ಕದ ಕೆರೆಗೆ ಹೋಗಿ ಕೂರುತ್ತದೆ, ಮೊಟ್ಟೆ ಅಲ್ಲಿ ಬೀಳುತ್ತದೆ, ಅಷ್ಟೇ.

ಕೈಲಾಗುವ ಕೆಲಸ ಮೀನುಮರಿ ಬಿಡುವ ದಿನದಲ್ಲಿದೆ. ಲಾರಿಯಲ್ಲಿ ಬಂದ ಮರಿಗಳಲ್ಲಿ, ಅದರಲ್ಲೂ ಹುಲ್ಲುಗೆಂಡೆ ಮತ್ತು ಸಾಮಾನ್ಯ ಗೆಂಡೆಯಲ್ಲಿ, 30 ಮರಿಗಳನ್ನು ತೆಗೆದು ಮೇಲೆ ಹೇಳಿದಂತೆ ಕರುಳು ಸೀಳಿ ನೋಡಿ. ಹುಳು ಸಿಕ್ಕರೆ ಆ ಲಾರಿಯನ್ನು ವಾಪಸ್ ಕಳಿಸುವಂತೆ ಗುತ್ತಿಗೆದಾರರ ಜೊತೆ ಮೊದಲೇ ಮಾತಾಡಿಕೊಂಡಿರಿ. ಮನೆಯ ಅಕ್ವೇರಿಯಂ ಮೀನು ಬೇಜಾರಾಯಿತು ಅಂತ ಕೆರೆಗೆ ಬಿಡುವುದು ನಿಲ್ಲಲಿ. ಮೀನಿಗೆ ಹಾಕಲು ಅಂಗಡಿಯಿಂದ ಜೀವಂತ ಟ್ಯೂಬಿಫೆಕ್ಸ್ ತರುವವರು, ಕೆರೆಯಿಂದ ಬಲೆಯಲ್ಲಿ ನೀರಿನ ಹುಳ ಗೋರಿಕೊಂಡು ಬರುವವರು ಒಣಗಿಸಿದ್ದನ್ನೋ ಫ್ರೀಜ್ ಮಾಡಿದ್ದನ್ನೋ ಹಾಕಲಿ.